ಬಾಸ್ಕೆಟ್‌ಬಾಲ್ ಆಡಿ ಬದುಕಬಹುದಾ? ಕಾಸರಗೋಡಿನ ಮಕ್ಕಳಿಗೂ ಮನೆಯವರಿಗೂ ಒಂದು ವಿವರಣೆ

ಕಾಸರಗೋಡಿನ ಶಾಲೆಯಲ್ಲಿ ಹುಡುಗನೋ ಹುಡುಗಿಯೋ ಒಂಬತ್ತನೇ ಕ್ಲಾಸಿಗೇ ಆರಡಿ ಹತ್ತಿರ ಬೆಳೆದುಬಿಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ವಾಲಿಬಾಲ್. ಅದು ಸಹಜ. ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಮೂರೂ ನಮ್ಮ ಮುರಕಲ್ಲಿನ ಮೈದಾನದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ಬೆಳೆದ ಆಟಗಳು. ಎರಡು ಕಂಬ ನೆಟ್ಟರೆ ಆಟ ಶುರು. ಬಾಸ್ಕೆಟ್‌ಬಾಲ್ ಹಾಗಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟಾದ ಗಟ್ಟಿ ನೆಲ ಬೇಕು, 3.05 ಮೀಟರ್ ಎತ್ತರದಲ್ಲಿ ಅಲ್ಲಾಡದೆ ನಿಲ್ಲುವ ರಿಂಗ್ ಬೇಕು, ಮತ್ತೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಯ್ಯುವ ಮಳೆಗೆ ತಲೆ ಮೇಲೊಂದು ಮಾಡೂ ಬೇಕು.

ಆದರೂ ಈಗ ಮಂಜೇಶ್ವರದಲ್ಲೂ ಬದಿಯಡ್ಕದಲ್ಲೂ ಮಕ್ಕಳು ಮೊಬೈಲಲ್ಲಿ ಅಮೆರಿಕದ ಆಟಗಾರ ಸ್ಟೆಫ್ ಕರಿಯ ಆಟ ನೋಡುತ್ತಾರೆ. 2023-24ರ ಸೀಸನ್ನಿಗೆ ಕರಿಯ ಸಂಬಳ 5.19 ಕೋಟಿ ಡಾಲರ್ ಅಂತ ಮಕ್ಕಳಿಗೆ ಗೊತ್ತು. ಆ ಮಗು ಮನೆಗೆ ಬಂದು "ನಾನು ಬಾಸ್ಕೆಟ್‌ಬಾಲ್ ಪ್ಲೇಯರ್ ಆಗ್ತೇನೆ" ಅಂದರೆ ಅಪ್ಪ-ಅಮ್ಮನಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ಬೈಯುವುದೋ, ಶೂ ತೆಗೆದುಕೊಡುವುದೋ?

ನನ್ನ ಉತ್ತರ ಇಷ್ಟೇ. ಈ ಆಟದಿಂದ ಬದುಕಬಹುದು. ಆದರೆ ಮೊಬೈಲಲ್ಲಿ ಕಾಣುವ ದಾರಿಯಲ್ಲಿ ಅಲ್ಲ. ಅಮೆರಿಕದಲ್ಲಿ ಆಟಗಾರ ಬದುಕುವುದು ಕಾಂಟ್ರಾಕ್ಟಿನ ಮೇಲೆ. ಭಾರತದಲ್ಲಿ ಬದುಕುವುದು ನೌಕರಿಯ ಮೇಲೆ. ಈ ವ್ಯತ್ಯಾಸ ಸರಿಯಾಗಿ ಅರ್ಥವಾದರೆ ಹದಿನಾಲ್ಕು ವರ್ಷದ ಮಗುವಿಗೆ ಮುಂದೇನು ಮಾಡಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಅಮೆರಿಕದ ಕಾಂಟ್ರಾಕ್ಟ್ ಅಂದರೇನು ನೋಡೋಣ. ಅಲ್ಲಿನ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 30 ತಂಡ. ಒಂದೊಂದು ತಂಡದಲ್ಲಿ ಖಾಯಂ ಜಾಗ 15. ಅಂದರೆ ಇಡೀ ಲೋಕದ ಆಟಗಾರರಿಗೆಲ್ಲ ಸೇರಿ ಇರುವುದು 450 ಕುರ್ಚಿ. ಹೊಸಬರು ಒಳಗೆ ಹೋಗುವ ಮುಖ್ಯ ಬಾಗಿಲು ಡ್ರಾಫ್ಟ್. ವರ್ಷಕ್ಕೊಮ್ಮೆ ತಂಡಗಳು ಸರದಿಯ ಮೇಲೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಎರಡು ಸುತ್ತು, ಸುತ್ತಿಗೆ 30ರಂತೆ ಒಟ್ಟು 60 ಹೆಸರು (ಈಚೆಗೆ ಕೆಲವು ವರ್ಷ ಒಂದೆರಡು ಕಮ್ಮಿ). ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯ ಇದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾಗಿ ಸಹಿ ಹಾಕಿದವನಿಗೆ ಎರಡು ವರ್ಷದ ಸಂಬಳ ಖಾತ್ರಿ. ಎರಡನೇ ಸುತ್ತಿನವನಿಗೆ ಅಂಥ ಯಾವ ಖಾತ್ರಿಯೂ ಇಲ್ಲ. ಹೆಸರು ಕೂಗಿದ್ದಷ್ಟೇ. ಕೆಲಸ ಸಿಕ್ಕಿತು ಅಂತ ಅರ್ಥ ಅಲ್ಲ.

ಪಂಜಾಬಿನ ಸತ್ನಾಮ್ ಸಿಂಗ್ ಭಮರಾ ಅವರ ಕತೆ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಅನ್ನುವ ಹಳ್ಳಿ, ರೈತರ ಮನೆ. ಲುಧಿಯಾನದ ಅಕಾಡೆಮಿಯಲ್ಲಿ ಆಟ ಕಲಿತು, 2010ರಲ್ಲಿ ಹದಿನಾಲ್ಕನೇ ವಯಸ್ಸಿಗೆ ಸ್ಕಾಲರ್‌ಶಿಪ್ ಮೇಲೆ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋದರು. ಏಳಡಿ ಎರಡಿಂಚು ಎತ್ತರ. 2015ರ ಡ್ರಾಫ್ಟಿನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರೊಬ್ಬರು ಡ್ರಾಫ್ಟ್ ಆದದ್ದು ಅದೇ ಮೊದಲು, ಪತ್ರಿಕೆಗಳೆಲ್ಲ ದೊಡ್ಡದಾಗಿ ಬರೆದವು. ಆದರೆ 52 ಅಂದರೆ ಎರಡನೇ ಸುತ್ತು. ಅವರಿಗೆ ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಆಡಲು ಸಿಗಲಿಲ್ಲ. ಕೆಳಗಿನ ಡಿ-ಲೀಗಿನಲ್ಲಿ, ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿ, ಎರಡು ಸೀಸನ್ ಆಡಿದರು.

ಎರಡು ಮೆಟ್ಟಿಲಿನ ನಡುವೆ ಸಂಬಳದ ಅಂತರ ಎಷ್ಟು ಅಂದರೆ, ಆಗ ಎನ್‌ಬಿಎ ಹೊಸಬನಿಗೆ ಸಿಗುತ್ತಿದ್ದ ಕನಿಷ್ಠ ಸಂಬಳ ವರ್ಷಕ್ಕೆ 5.25 ಲಕ್ಷ ಡಾಲರ್. ಡಿ-ಲೀಗಿನಲ್ಲಿ ಒಳ್ಳೆಯ ದರ್ಜೆಯವನಿಗೂ ಇಡೀ ಸೀಸನ್ನಿಗೆ 25,000 ಡಾಲರ್ ಆಸುಪಾಸು. ಅದೇ 2015ರ ಏಪ್ರಿಲಿನಲ್ಲಿ ಕೆನಡಾದಲ್ಲಿ ಹುಟ್ಟಿದ ಪಂಜಾಬಿ ಮೂಲದ ಸಿಮ್ ಭುಲ್ಲರ್, ಏಳಡಿ ಐದಿಂಚಿನ ಆಳು, ಸ್ಯಾಕ್ರಮೆಂಟೊ ಕಿಂಗ್ಸ್ ಜೊತೆ ಹತ್ತು ದಿನದ ಕಾಂಟ್ರಾಕ್ಟಿಗೆ ಸಹಿ ಹಾಕಿದರು. ಭಾರತೀಯ ಮೂಲದವರೊಬ್ಬರು ಎನ್‌ಬಿಎ ಕೋರ್ಟಿಗೆ ಇಳಿದದ್ದು ಅದೇ ಮೊದಲ ಸಲ. ಆಡಿದ್ದು ಮೂರು ಪಂದ್ಯ. ಆ ಹತ್ತು ದಿನಕ್ಕೆ ಸಿಗುವ ಹಣ ಸುಮಾರು 30,000 ಡಾಲರ್, ಅಂದರೆ ಕೆಳಗಿನ ಲೀಗಿನಲ್ಲಿ ಇಡೀ ಸೀಸನ್ ಬೆವರು ಸುರಿಸಿದರೂ ಸಿಗದಷ್ಟು. ಹತ್ತು ದಿನ ಮುಗಿಯಿತು, ಕಾಂಟ್ರಾಕ್ಟೂ ಮುಗಿಯಿತು. ಮುಂದೆ ಅವರು ಹೆಚ್ಚು ಕಾಲ ಆಡಿದ್ದು ತೈವಾನಿನಲ್ಲಿ.

ಈಗ ಸ್ವಲ್ಪ ಸುಧಾರಿಸಿದೆ. 2017-18ರಿಂದ ಟೂ-ವೇ ಕಾಂಟ್ರಾಕ್ಟ್ ಬಂದಿದೆ. ಒಬ್ಬನೇ ಆಟಗಾರ ಎನ್‌ಬಿಎ ತಂಡಕ್ಕೂ ಅದರ ಕೆಳಗಿನ ಜಿ-ಲೀಗ್ (ಮೊದಲಿನ ಡಿ-ಲೀಗ್) ತಂಡಕ್ಕೂ ಆಡುತ್ತಾನೆ, ಎನ್‌ಬಿಎ ಕನಿಷ್ಠ ಸಂಬಳದ ಅರ್ಧ ಸಿಗುತ್ತದೆ. ಈಗ ಒಂದು ತಂಡ ಇಂಥ ಮೂವರನ್ನು ಇಟ್ಟುಕೊಳ್ಳಬಹುದು. ಆದರೂ ಬರೀ ಜಿ-ಲೀಗ್ ಆಟಗಾರನಿಗೆ 2023-24ರಲ್ಲಿ ಸಿಕ್ಕಿದ್ದು 40,500 ಡಾಲರ್. ಅಮೆರಿಕದ ಖರ್ಚಿಗೆ ಅದು ದೊಡ್ಡ ಹಣ ಏನಲ್ಲ. ಹಾಗಾಗಿ ಸಾವಿರಾರು ಒಳ್ಳೆಯ ಆಟಗಾರರು ತುರ್ಕಿ, ಸ್ಪೇನ್, ಚೀನಾ, ಜಪಾನ್, ಫಿಲಿಪ್ಪೀನ್ಸ್ ಅಂತ ಒಂದೊಂದು ಸೀಸನ್ನಿಗೆ ಒಂದೊಂದು ದೇಶಕ್ಕೆ ಹೋಗುತ್ತಾರೆ. ಪ್ರೊಫೆಷನಲ್ ಆಟಗಾರ ಅಂದರೆ ನಿಜವಾಗಿ ಇವರೇ. ಪ್ರತಿವರ್ಷ ಹೊಸ ಊರು, ಹೊಸ ಭಾಷೆ, ಹೊಸ ಕೋಚ್, ಸಹಿ ಹಾಕಿದ ಕಾಗದದಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ ಅನ್ನುವ ಲೆಕ್ಕ.

ಸತ್ನಾಮ್ ಅವರ ಕತೆಯ ಮುಂದಿನ ಭಾಗವನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಹೇಳಲೇಬೇಕು. ಕೆನಡಾದ ಲೀಗಿನಲ್ಲಿ ಆಡಿ ಬಂದ ಮೇಲೆ 2019ರಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಹೈಜೆನಮೈನ್ ಅನ್ನುವ ವಸ್ತು ಸಿಕ್ಕಿ ಅವರಿಗೆ ಎರಡು ವರ್ಷ ನಿಷೇಧ ಬಿತ್ತು. ಹೈಜೆನಮೈನ್ ಕೆಲವು ಗಿಡಗಳಲ್ಲೇ ಇರುವಂಥದ್ದು, ತೂಕ ಇಳಿಸುವ, ಶಕ್ತಿ ಕೊಡುವ ಅಂತ ಮಾರುವ ಸಪ್ಲಿಮೆಂಟ್ ಡಬ್ಬಿಗಳಲ್ಲೂ ಬರುತ್ತದೆ. ಆಮೇಲೆ ಅವರು ಅಮೆರಿಕದಲ್ಲಿ ಕುಸ್ತಿ ಶೋಗಳ ಕಡೆಗೆ ಹೋದರು. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿಯನ್ನು ಸುಮ್ನೆ ಹಾಲಿಗೆ ಕಲಸಿ ಕುಡಿಯುವ ಹುಡುಗರು ನಮ್ಮಲ್ಲೂ ಇದ್ದಾರೆ. ಗಿಡದಿಂದ ಬಂದದ್ದು, ಆಯುರ್ವೇದದ್ದು ಅಂದ ಮಾತ್ರಕ್ಕೆ ನಿಯಮ ಬಿಡುವುದಿಲ್ಲ. ಮೈಯೊಳಗೆ ಸಿಕ್ಕಿದರೆ ಹೊಣೆ ಆಟಗಾರನದ್ದೇ.

ಇನ್ನು ಹೆಣ್ಣುಮಕ್ಕಳ ವಿಷಯ. ಇಲ್ಲಿ ನಮ್ಮ ಕೇರಳದ್ದೇ ಉದಾಹರಣೆ ಇದೆ, ಅದೂ ತುಂಬಾ ದೊಡ್ಡದು. ಕೋಟ್ಟಯಂ ಕಡೆಯ ಗೀತು ಅನ್ನಾ ಜೋಸ್ ಶಾಲೆಯಲ್ಲಿ ಮೊದಲು ಆಡುತ್ತಿದ್ದದ್ದು ವಾಲಿಬಾಲ್. ಆರಡಿ ಮೀರಿದ ಎತ್ತರ ನೋಡಿ ಬಾಸ್ಕೆಟ್‌ಬಾಲಿಗೆ ಬಂದರು. ಸದರ್ನ್ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಲು ಹೋದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯ ಮೂರು ತಂಡಗಳು ಅವರನ್ನು ಟ್ರಯಲ್ಸಿಗೆ ಕರೆದವು. ಚಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೊನಿಯೊ. ಭಾರತದಿಂದ ಅಂಥ ಕರೆ ಬಂದ ಮೊದಲ ಹೆಣ್ಣುಮಗಳು ಅವರು. ಜಾಗ ಸಿಗಲಿಲ್ಲ. ಆಗ ಆ ಲೀಗಿನಲ್ಲಿ ಇದ್ದದ್ದೇ 12 ತಂಡ, ಎಲ್ಲ ಸೇರಿ ಸುಮಾರು 130 ಜಾಗ. ಅಮೆರಿಕದ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಹುಡುಗಿಯರಿಗೇ ಅದು ಸಾಲದು. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ನನಗೆ ಈ ಕತೆಯಲ್ಲಿ ಅಮೆರಿಕಕ್ಕಿಂತ ಮುಖ್ಯ ಅನಿಸುವುದು ರೈಲ್ವೆ. ಟ್ರಯಲ್ಸ್ ಕೈತಪ್ಪಿದರೂ ಅವರ ಬದುಕು ಬೀಳಲಿಲ್ಲ, ಯಾಕೆಂದರೆ ಕೆಳಗೆ ಒಂದು ನೌಕರಿ ಇತ್ತು. ಸತ್ನಾಮ್ ಹೊರಗೆ ಹೋದಾಗ ಅವರ ಕೆಳಗೆ ಅದು ಇರಲಿಲ್ಲ.

ಭಾರತದ ಪದ್ಧತಿ ಹೀಗಿದೆ. ರೈಲ್ವೆ, ಸೈನ್ಯ, ಸರಕಾರಿ ತೈಲ ಕಂಪನಿ ಒಎನ್‌ಜಿಸಿ, ಬ್ಯಾಂಕುಗಳು, ಆದಾಯ ತೆರಿಗೆ, ಪೊಲೀಸ್, ಕೇರಳದಲ್ಲಾದರೆ ವಿದ್ಯುತ್ ಮಂಡಳಿ ಕೆಎಸ್‌ಇಬಿ. ಇವುಗಳಿಗೆಲ್ಲ ತಮ್ಮದೇ ತಂಡಗಳಿವೆ. ಸ್ಪೋರ್ಟ್ಸ್ ಕೋಟಾದಲ್ಲಿ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಸಂಬಳ ಆಫೀಸಿನದ್ದು, ಆಟ ತಂಡಕ್ಕೆ. ಪ್ರಾಕ್ಟೀಸಿಗೆ, ಟೂರ್ನಮೆಂಟಿಗೆ ರಜೆಯೂ ಕೊಡುತ್ತವೆ. ಸೀನಿಯರ್ ನ್ಯಾಷನಲ್ಸಿನಲ್ಲಿ ರೈಲ್ವೆ ಒಂದು ರಾಜ್ಯದ ಹಾಗೆ ಪ್ರತ್ಯೇಕ ತಂಡವಾಗಿಯೇ ಆಡುತ್ತದೆ, ಮಹಿಳೆಯರಲ್ಲಿ ಎಷ್ಟೋ ವರ್ಷದಿಂದ ಅದನ್ನು ಸೋಲಿಸುವುದೇ ಕಷ್ಟ. ಕಾರಣ ಸರಳ. ದೇಶದ ಒಳ್ಳೊಳ್ಳೆಯ ಹುಡುಗಿಯರಿಗೆ ಕೆಲಸ ಕೊಡುವುದು ಅದೇ. ಚೆನ್ನೈಯ ಅನಿತಾ ಪಾಲ್‌ದುರೈ 2000ದಿಂದ 2017ರ ತನಕ ಭಾರತಕ್ಕೆ ಆಡಿದರು, ಹತ್ತೊಂಬತ್ತಕ್ಕೇ ಕ್ಯಾಪ್ಟನ್ ಆದರು, 2021ರಲ್ಲಿ ಪದ್ಮಶ್ರೀ ಬಂತು. ಅವರೂ ಸದರ್ನ್ ರೈಲ್ವೆಯವರೇ. ವಯನಾಡಿನ ಪಿ.ಎಸ್. ಜೀನಾ ಕೆಎಸ್‌ಇಬಿಯಲ್ಲಿದ್ದುಕೊಂಡೇ ಭಾರತದ ಕ್ಯಾಪ್ಟನ್ ಆದರು, ಗೀತು ಆಡಿದ ಅದೇ ರಿಂಗ್‌ವುಡ್ ಕ್ಲಬ್ಬಿಗೂ ಆಡಿ ಬಂದರು. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಏಷ್ಯಾ ಕಪ್ ಬಿ ಡಿವಿಷನ್ ಫೈನಲಿನಲ್ಲಿ ಭಾರತದ ಹುಡುಗಿಯರು ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿದರಲ್ವಾ, ಆ ತಂಡದಲ್ಲಿ ಜೀನಾ ಇದ್ದರು. ವಯನಾಡು ನಮಗೆ ದೂರದ ಊರಲ್ಲ. ಅಲ್ಲಿಯೂ ಬೆಟ್ಟ, ಅಲ್ಲಿಯೂ ಮಳೆ.

ರೈಲ್ವೆ ಹೇಗೆ ಆರಿಸುತ್ತದೆ ಅನ್ನುವುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಸ್ಪೋರ್ಟ್ಸ್ ಕೋಟಾದ ಬಹಿರಂಗ ಅರ್ಜಿಗೆ ವಯಸ್ಸು 18ರಿಂದ 25. ಇದರಲ್ಲಿ ಸಡಿಲಿಕೆ ಇಲ್ಲ. ನೂರು ಅಂಕದ ಲೆಕ್ಕ. ಅದರಲ್ಲಿ 40 ಟ್ರಯಲ್ಸಿನ ಆಟ, ದೈಹಿಕ ಸಾಮರ್ಥ್ಯ ಮತ್ತು ಕೋಚ್ ನೋಡಿ ಹಾಕುವ ಅಂಕಕ್ಕೆ. 50 ಅಂಕ ಈವರೆಗಿನ ಸಾಧನೆಗೆ. ಉಳಿದ 10 ಓದಿಗೆ. ಇನ್ನೊಮ್ಮೆ ಓದಿ. ಅರ್ಧ ಅಂಕ ಸರ್ಟಿಫಿಕೇಟಿಗೆ! ಟ್ರಯಲ್ಸ್ ದಿನ ಎಷ್ಟೇ ಚೆನ್ನಾಗಿ ಆಡಿದರೂ, ಯಾವ ಟೂರ್ನಮೆಂಟ್, ಯಾವ ರಾಜ್ಯದ ಪರ, ಎಷ್ಟನೇ ಸ್ಥಾನ ಅನ್ನುವ ಕಾಗದ ಕೈಯಲ್ಲಿಲ್ಲದಿದ್ದರೆ ಮುಂದೆ ಹೋಗುವುದು ಕಷ್ಟ. ನಮ್ಮ ಮಕ್ಕಳು ಸೋಲುವುದು ಜಾಸ್ತಿ ಇಲ್ಲೇ. ಊರ ಟೂರ್ನಮೆಂಟಿನಲ್ಲಿ ಕಪ್ ಗೆದ್ದಿರುತ್ತಾರೆ. ಅದು ಕಪಾಟಿನಲ್ಲಿ ಚೆಂದ ಕಾಣುತ್ತದೆ, ಅಂಕಕ್ಕೆ ಬರುವುದಿಲ್ಲ.

ಕಾಸರಗೋಡಿನವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ದಕ್ಷಿಣದಲ್ಲಿ ಈ ನೌಕರಿಗಳ ಕೇಂದ್ರ ಚೆನ್ನೈ. ಸದರ್ನ್ ರೈಲ್ವೆ, ರೈಲು ಬೋಗಿ ಮಾಡುವ ಪೆರಂಬೂರಿನ ಐಸಿಎಫ್ ಕಾರ್ಖಾನೆ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಎಲ್ಲವೂ ಅಲ್ಲೇ. ಮಂಗಳೂರಿಂದ ಹೊರಡುವ ಚೆನ್ನೈ ಮೇಲ್ ನಮ್ಮ ಸ್ಟೇಷನ್ನಿನಲ್ಲಿ ನಿಂತೇ ಹೋಗುತ್ತದೆ. ನಮ್ಮ ಹಳಿಯೇ ಸದರ್ನ್ ರೈಲ್ವೆಯ ಪಾಲಕ್ಕಾಡ್ ಡಿವಿಷನ್ನಿನದು. ಆಚೆ ಕರ್ನಾಟಕದ ಕಡೆ ಹೋದರೆ ಹುಬ್ಬಳ್ಳಿಯ ಸೌತ್ ವೆಸ್ಟರ್ನ್ ರೈಲ್ವೆ, ಬೆಂಗಳೂರಿನ ಬ್ಯಾಂಕ್ ತಂಡಗಳು.

ಭಾರತದಲ್ಲೂ ಲೀಗ್ ಬರಲಿಲ್ಲವಾ ಅಂತ ಕೇಳಬಹುದು. ಬಂತು. ಯುಬಿಎ ಅನ್ನುವ ಲೀಗ್ 2015ರಿಂದ 2017ರ ತನಕ ನಡೆದು ನಿಂತುಹೋಯಿತು. 2022ರಲ್ಲಿ ಐಎನ್‌ಬಿಎಲ್ ಶುರುವಾಯಿತು, ಆರು ತಂಡಗಳಲ್ಲಿ ಬೆಂಗಳೂರು, ಚೆನ್ನೈ, ಕೊಚ್ಚಿಯವೂ ಇದ್ದವು. ಆಟಗಾರರಿಗೆ ಕೈಖರ್ಚು, ಹೆಸರು, ಒಳ್ಳೆಯ ಎದುರಾಳಿ ಸಿಕ್ಕಿದ್ದು ನಿಜ. ಆದರೆ ನಿಂತುಹೋಗಬಹುದಾದ ಲೀಗನ್ನು ನಂಬಿ ಕೈಗೆ ಬಂದ ರೈಲ್ವೆ ಆರ್ಡರನ್ನು ಬಿಡಬೇಡಿ ಅಂತಲೇ ನಾನು ಹೇಳುವುದು. ಎರಡನ್ನೂ ಮಾಡುವುದು ಸಾಧ್ಯ. ಒಎನ್‌ಜಿಸಿಯ ವಿಶೇಷ್ ಭೃಗುವಂಶಿಗೆ ಭಾರತದ ಕ್ಯಾಪ್ಟನ್ ಆಗಿದ್ದಾಗಲೇ, 2017ರಲ್ಲಿ, ಆಸ್ಟ್ರೇಲಿಯಾದ ಅಡಿಲೇಡ್ ತಂಡದಿಂದ ಕರೆ ಬಂದಿತ್ತು.

ಇನ್ನು ದೇಹ. ಅಡಿಕೆ ಸಸಿ ನೆಟ್ಟರೆ ಐದಾರು ವರ್ಷ ಕಾಯಬೇಕು, ಆಮೇಲೆ ದಶಕಗಟ್ಟಲೆ ಫಸಲು. ಆಟದ್ದು ಇದರ ಉಲ್ಟಾ. ಹನ್ನೆರಡಕ್ಕೆ ಶುರು ಮಾಡಿ ಎಂಟು-ಹತ್ತು ವರ್ಷ ದುಡಿದರೆ ಫಸಲು ಸಿಗುವುದು ಇಪ್ಪತ್ತರಿಂದ ಮೂವತ್ತು-ಮೂವತ್ತೆರಡರ ತನಕ, ಅದೂ ಮಂಡಿ ಕೈಕೊಡದಿದ್ದರೆ. ಈ ಆಟದಲ್ಲಿ ಓಡಿ ತಟ್ಟನೆ ನಿಲ್ಲುವುದು, ತಿರುಗುವುದು, ಹಾರಿ ಇಳಿಯುವುದು ಜಾಸ್ತಿ. ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುವುದು ಇಂಥ ಹೊತ್ತಿನಲ್ಲೇ, ಹುಡುಗಿಯರಲ್ಲಿ ಹುಡುಗರಿಗಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಹರಿದರೆ ಆಪರೇಷನ್, ಒಂಬತ್ತು ತಿಂಗಳಿಂದ ಒಂದು ವರ್ಷ ಹೊರಗೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅದಾದರೆ ರೈಲ್ವೆಯ 25ರ ಆ ಗಡುವು ಎಷ್ಟು ಹತ್ತಿರ ಬಂದುಬಿಡುತ್ತದೆ ಯೋಚಿಸಿ. ನಮ್ಮ ಹೆಚ್ಚಿನ ಕೋರ್ಟುಗಳು ಸಿಮೆಂಟಿನವು, ಮರದ ನೆಲದ ಹಾಗೆ ಪೆಟ್ಟು ಹೀರಿಕೊಳ್ಳುವುದಿಲ್ಲ. ಅದಕ್ಕೇ ಹಾರಿದ ಮೇಲೆ ಮಂಡಿ ಬಗ್ಗಿಸಿ, ಎರಡು ಕಾಲಿನ ಮೇಲೆ ಮೆತ್ತಗೆ ಇಳಿಯುವುದನ್ನು ಶೂಟಿಂಗಿಗಿಂತ ಮೊದಲು ಕಲಿಸಬೇಕು. ಪಿ.ಟಿ. ಮಾಷ್ಟ್ರುಗಳಲ್ಲಿ ನನ್ನ ಕೈಮುಗಿದ ವಿನಂತಿ ಇದು. ದುಡ್ಡು ಬೇಡ, ದಿನಕ್ಕೆ ಹದಿನೈದು ನಿಮಿಷ ಸಾಕು.

ಎತ್ತರ ಇಲ್ಲದವರು ಬಿಟ್ಟುಬಿಡಬೇಕಾ? ಬೇಡ. ಮಗ್ಸಿ ಬೋಗ್ಸ್ ಐದಡಿ ಮೂರಿಂಚು ಇದ್ದುಕೊಂಡು ಎನ್‌ಬಿಎಯಲ್ಲಿ 14 ಸೀಸನ್ ಆಡಿದರು. ಚೆಂಡು ತರುವ, ಆಟ ಕಟ್ಟುವ ಗಾರ್ಡ್ ಜಾಗಕ್ಕೆ ಕೈಚಳಕ, ಕಣ್ಣು, ವೇಗ ಬೇಕು. ಎಡಗೈಯಲ್ಲೂ ಬಲಗೈಯಷ್ಟೇ ಡ್ರಿಬಲ್ ಮಾಡುವ, ಎರಡೂ ಕಡೆಯಿಂದ ಲೇ-ಅಪ್ ಹಾಕುವ ಮಕ್ಕಳು ಬೇಗ ಕಣ್ಣಿಗೆ ಬೀಳುತ್ತಾರೆ. ಇದಕ್ಕೆ ಅಂಗಳದ ಸಿಮೆಂಟ್ ನೆಲವೇ ಸಾಕು, ಮಳೆಗಾಲದಲ್ಲಿ ಜಗಲಿಯೂ ಆಗುತ್ತದೆ.

ಈಗ ನಮ್ಮೂರಿನಿಂದ ಏಣಿ ಹೇಗಿದೆ ನೋಡಿ. ಶಾಲೆ, ಆಮೇಲೆ ಉಪಜಿಲ್ಲೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಕನ್ನಡ ಶಾಲೆಗಳ ಮಕ್ಕಳು ಜಾಸ್ತಿ. ಅಲ್ಲಿಂದ ಜಿಲ್ಲೆ, ರಾಜ್ಯ, ಆಮೇಲೆ ನ್ಯಾಷನಲ್ಸ್. ಬಾಸ್ಕೆಟ್‌ಬಾಲಿಗೆ ಈ ಉಪಜಿಲ್ಲೆಗಳಲ್ಲಿ ತಂಡಗಳೇ ಕಮ್ಮಿ, ಅಂದರೆ ಜಿಲ್ಲೆಯ ತನಕ ಹೋಗಲು ಕಬಡ್ಡಿಯಷ್ಟು ನೂಕುನುಗ್ಗಲು ಇಲ್ಲ. ಕಷ್ಟ ಶುರುವಾಗುವುದು ರಾಜ್ಯದ ಸೆಲೆಕ್ಷನ್ನಿನಲ್ಲಿ, ಕೋಟ್ಟಯಂ, ತ್ರಿಶ್ಶೂರ್, ಕೋಝಿಕ್ಕೋಡಿನ ಮಕ್ಕಳ ಎದುರು. ಅವರು ವರ್ಷವಿಡೀ ಒಳ್ಳೆಯ ಕೋಚ್ ಕೈಕೆಳಗೆ ಆಡಿದವರು. ಹಾಗಾಗಿ ಏಳು-ಎಂಟನೇ ಕ್ಲಾಸಿನಲ್ಲೇ ಸ್ಪೋರ್ಟ್ಸ್ ಹಾಸ್ಟೆಲಿನ ಟ್ರಯಲ್ಸಿಗೆ ಕಳಿಸುವುದು ಒಳ್ಳೆಯದು. ತಿರುವನಂತಪುರದ ಜಿ.ವಿ. ರಾಜಾ ಶಾಲೆ, ಹತ್ತಿರದ ಕಣ್ಣೂರಿನ ಸ್ಪೋರ್ಟ್ಸ್ ಶಾಲೆ, ರಾಜ್ಯ ಸ್ಪೋರ್ಟ್ಸ್ ಕೌನ್ಸಿಲ್ ನಡೆಸುವ ಹಾಸ್ಟೆಲುಗಳು. ಈ ಟ್ರಯಲ್ಸಿನ ಸುದ್ದಿ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತದೆ. ಕನ್ನಡ ಮಾಧ್ಯಮದ ಮನೆಗಳಿಗೆ ತಲುಪುವ ಹೊತ್ತಿಗೆ ತಾರೀಕು ಕಳೆದಿರುತ್ತದೆ. ಶಾಲೆಯ ಮಾಷ್ಟ್ರು ಅದನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಮನೆಯವರ ಗುಂಪಿಗೆ ಹಾಕಿದರೆ ಎಷ್ಟೋ ಉಪಕಾರ. ರಾಜ್ಯ ಮಟ್ಟಕ್ಕೆ ಆಡಿದರೆ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕ್, ಪ್ಲಸ್ ವನ್ನಿಗೆ ಸ್ಪೋರ್ಟ್ಸ್ ಕೋಟಾ ಇದೆ, ಅದನ್ನೂ ಕೇಳಿ ಪಡೆಯಿರಿ.

ವಯಸ್ಸಿನ ದಾಖಲೆ ಮೊದಲೇ ಸರಿಯಿರಲಿ. ವಯೋಮಿತಿಯ ಟೂರ್ನಮೆಂಟುಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವುದುಂಟು. ಒಂದು ವರ್ಷ ಕಮ್ಮಿ ಬರೆಸಿದ್ದರಿಂದ ಲಾಭವಿಲ್ಲ, ಹೊರಗೆ ಹಾಕುತ್ತಾರೆ.

ಗಡಿಯವರಿಗೆ ಮಾತ್ರ ಇರುವ ಒಂದು ತೊಡಕು ಇದೆ. ನಮ್ಮಲ್ಲಿ ಹತ್ತನೇ ಕ್ಲಾಸು ಆದ ಕೂಡಲೇ ಅರ್ಧ ಮಕ್ಕಳು ತಲಪಾಡಿ ದಾಟುತ್ತಾರೆ, ಮಂಗಳೂರಿಗೆ, ಪುತ್ತೂರಿಗೆ, ಪಿಯುಸಿಗೆ. ಶಾಲಾ ಕ್ರೀಡಾಕೂಟದಲ್ಲಿ ಕಾಲೇಜು ಎಲ್ಲಿದೆಯೋ ಆ ರಾಜ್ಯಕ್ಕೇ ಆಡುವುದು. ಅಂದರೆ ನಿನ್ನೆ ತನಕ ಕೇರಳದ ಮಗು ಇವತ್ತು ಕರ್ನಾಟಕದ ಸೆಲೆಕ್ಷನ್ನಿಗೆ ನಿಲ್ಲಬೇಕು, ಅಲ್ಲಿ ಬೆಂಗಳೂರಿನ ವಿದ್ಯಾನಗರ, ಮೈಸೂರಿನ ಕ್ರೀಡಾ ಹಾಸ್ಟೆಲುಗಳ ಮಕ್ಕಳು, ಬೀಗಲ್ಸ್‌ನಂಥ ಕ್ಲಬ್ಬಿನವರು ಆಗಲೇ ಕೋಚುಗಳಿಗೆ ಪರಿಚಯ. ಅಸೋಸಿಯೇಷನ್ ನಡೆಸುವ ಯೂತ್, ಜೂನಿಯರ್ ಟೂರ್ನಮೆಂಟುಗಳದ್ದು ಬೇರೆಯೇ ಲೆಕ್ಕ. ಹೆಸರು ಒಂದು ರಾಜ್ಯ ಅಸೋಸಿಯೇಷನ್ನಿನಲ್ಲಿ ನೋಂದಣಿ ಆಗಿದ್ದರೆ ಇನ್ನೊಂದಕ್ಕೆ ಆಡಲು ಮೊದಲಿನವರ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ, ಬೇಕು. ಅದಿಲ್ಲದೆ ಹೋದರೆ ಅತ್ತ ಕೇರಳವೂ ಇಲ್ಲ, ಇತ್ತ ಕರ್ನಾಟಕವೂ ಇಲ್ಲ ಅಂತ ಒಂದು ಸೀಸನ್ನೇ ಹೋಗಿಬಿಡಬಹುದು. ಹದಿನಾರು-ಹದಿನೇಳರಲ್ಲಿ ಹೋಗುವ ಒಂದು ಸೀಸನ್ ಅಂದರೆ ಒಂದು ಜೂನಿಯರ್ ನ್ಯಾಷನಲ್ಸ್ ಸರ್ಟಿಫಿಕೇಟ್.

ಹಾಗಾಗಿ ಕಾಲೇಜು ನಿರ್ಧಾರ ಮಾಡುವ ಮೊದಲೇ, ಮೇ ತಿಂಗಳೊಳಗೆ, ಎರಡೂ ಕಡೆಯ ಕೋಚ್‌ಗಳ ಹತ್ತಿರ ಮಾತಾಡಿ. ಮಗುವಿಗೆ ರಾಜ್ಯ ತಂಡದಲ್ಲಿ ಜಾಗ ಸಿಗುವ ಸಾಧ್ಯತೆ ಎಲ್ಲಿ ಜಾಸ್ತಿ, ಕಾಲೇಜಿನಲ್ಲಿ ಕೋರ್ಟಿಗೆ ಮಾಡು ಇದೆಯಾ, ಕೋಚ್ ಖಾಯಮ್ಮಾ ಅಥವಾ ಟೂರ್ನಮೆಂಟ್ ಹೊತ್ತಿಗೆ ಮಾತ್ರ ಬರುವವರಾ, ಮಂಡಿ ನೋವಾದರೆ ತೋರಿಸಲು ಫಿಸಿಯೋ ಇದ್ದಾರಾ ಅಂತ ಕೇಳಿ. ರಾಜ್ಯ ಬದಲಿಸುವುದೇ ಆದರೆ ಎನ್‌ಒಸಿಯನ್ನು ಆಗಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಈವರೆಗಿನ ಸರ್ಟಿಫಿಕೇಟುಗಳ ಮೂಲಪ್ರತಿಗಳನ್ನು ಶಾಲೆಯಿಂದ ಕೇಳಿ ಮನೆಗೆ ತನ್ನಿ.